ಅವಳು ಬರುವುದಿಲ್ಲ

ಮಾರ್ಚ್ 3, ಸೋಮವಾರ

ಇದು ಲಿಫ್ಟಿನ ಲಾಗ್‌ಬುಕ್ಕು. ಪ್ರತಿ ಪುಟದಲ್ಲೂ ದಿನಾಂಕ, ಕಂಡ ದೋಷ, ಮಾಡಿದ ಕೆಲಸ, ಸಹಿ ಎಂದು ನಾಲ್ಕು ಕಾಲಂ ಇವೆ. ಸ್ಟೋರಿನಿಂದ ಒಂದು ಖಾಲಿ ಪುಸ್ತಕ ಎತ್ತಿಕೊಂಡು ಬಂದೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಈ ಲಿಫ್ಟ್ ಕಂಪನಿಯಿಂದ ಮನೆಗೆ ತಂದ ಮೊದಲ ವಸ್ತು. ಕದ್ದೆ ಎಂದೇ ಇಟ್ಟುಕೊಳ್ಳೋಣ. ಇವತ್ತು ಅವರು ನನ್ನಿಂದ ಕಿತ್ತುಕೊಂಡದ್ದರ ಮುಂದೆ ಇದು ಯಾವ ಲೆಕ್ಕ?

ಹನ್ನೊಂದು ಗಂಟೆಗೆ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದರು. ಕಂಪನಿಯ ಮಾಲೀಕರನ್ನು ನಾವೆಲ್ಲ ದೊಡ್ಡವರು ಎಂದೇ ಕರೆಯುವುದು. ದೊಡ್ಡವರು ಸೂಟು ಹಾಕಿದ್ದ ಒಬ್ಬನ ಬೆನ್ನ ಮೇಲೆ ಕೈಯಿಟ್ಟು, "ಇವತ್ತಿಂದ ಇವರೇ ನಿಮ್ಮ ಜನರಲ್ ಮ್ಯಾನೇಜರ್" ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಕೈ ತನ್ನ ಪಾಡಿಗೆ ತಟ್ಟಿತು, ನಾನು ಅದನ್ನು ನೋಡುತ್ತಿದ್ದೆ.

ಆರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ದೊಡ್ಡವರು ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಆ ಕುರ್ಚಿ ನಿಂದೇ ಅಮ್ಮಾ. ಸ್ವಲ್ಪ ತಾಳ್ಕೋ. ನಾನಿದ್ದೀನಲ್ಲ." ತಾಳಿದವನು ಬಾಳಿಯಾನು ಅನ್ನುತ್ತಾರೆ. ತಾಳಿದವಳ ವಿಷಯದಲ್ಲಿ ಗಾದೆ ಬಾಯಿ ಬಿಟ್ಟಿಲ್ಲ.

ಸೂಟು ಇದುವರೆಗೆ ಫ್ರಿಜ್ಜು ಮಾರುತ್ತಿದ್ದನಂತೆ. ಮಧ್ಯಾಹ್ನ ನನ್ನ ಟೇಬಲ್ಲಿಗೆ ಬಂದು, "ಈ ಉಕ್ಕಿನ ಹಗ್ಗಗಳನ್ನ ಹರಿಯೋ ಮೊದಲೇ ಯಾಕೆ ಬದಲಾಯಿಸ್ತೀರಿ?" ಎಂದು ಕೇಳಿದ. ಹರಿದ ಮೇಲೆ ಬದಲಾಯಿಸಲು ಒಳಗಿದ್ದವರು ಉಳಿದಿರುವುದಿಲ್ಲ ಸರ್ ಎಂದೆ. ನಕ್ಕ. ತಮಾಷೆ ಎಂದುಕೊಂಡ.

ಮನೆಗೆ ಬಂದು ಇವರ ಮುಂದೆ ಅತ್ತೆ. ಇವರು ಲೈಬ್ರರಿಯಲ್ಲಿ ಕೆಲಸ ಮಾಡುವವರು, ಯಾವ ಸುದ್ದಿಗೂ ದನಿ ಎತ್ತುವವರಲ್ಲ. "ಊರಿನವರನ್ನೆಲ್ಲ ಮೇಲೆ ಹತ್ತಿಸೋಳು ನೀನು. ನಿನಗೆ ಮಾತ್ರ ಮೆಟ್ಟಿಲು ಕೂಡ ಇಲ್ಲ ಅಂದ್ರೆ ಹೇಗೆ?" ಎಂದರು. ಅಳುವಿನ ನಡುವೆ ನಗು ಬಂದು ಸಿಟ್ಟಾಯಿತು.

ಮಾರ್ಚ್ 9, ಭಾನುವಾರ

ನಾದಿನಿ ಬಂದಿದ್ದಳು. ದೊಡ್ಡ ಬ್ಯಾಂಕಿಗೆ ಅಧಿಕಾರಿಗಳನ್ನು ಆರಿಸುವುದು ಅವಳ ಕೆಲಸ. ತನ್ನ ಅಣ್ಣನ ಹೆಂಡತಿ ಎನ್ನುವ ಮುಲಾಜೂ ಇಲ್ಲದೆ ಎದುರು ಕೂರಿಸಿಕೊಂಡು ಪ್ರಶ್ನೆ ಹಾಕಿದಳು.

"ಅತ್ತಿಗೆ, ನಿಮಗೆ ಈ ಕೆಲಸ ಬಿಡಬೇಕಾ, ಇಲ್ಲ ಬೇರೆ ಕೆಲಸ ಬೇಕಾ?"

"ಎರಡೂ ಒಂದೇ ಅಲ್ವಾ?"

"ಅಲ್ಲ. ಬಿಡೋಕೆ ಸಿಟ್ಟು ಸಾಕು. ಸಿಗೋಕೆ ಪ್ಲಾನ್ ಬೇಕು."

ವಾರಕ್ಕೆ ನಾಲ್ಕು ಗಂಟೆ ಹುಡುಕಾಟಕ್ಕೇ ಎತ್ತಿಡಬೇಕಂತೆ. ಅದಕ್ಕಿಂತ ಹೆಚ್ಚು ನನ್ನಂಥವರಿಂದ ಆಗುವುದಿಲ್ಲ, ಕಡಿಮೆಯಾದರೆ ಪ್ರಯೋಜನವಿಲ್ಲ. ಏನು ಬೇಕು ಎನ್ನುವುದು ಒಂದೇ ಪುಟದಲ್ಲಿರಬೇಕು. ಆಮೇಲೆ ಮೂವತ್ತು ಹೆಸರು. "ಈ ವಯಸ್ಸಲ್ಲಿ ಕೆಲಸ ಪೇಪರಿನಲ್ಲಿ ಸಿಗಲ್ಲ, ಜನರ ಬಾಯಲ್ಲಿ ಸಿಗುತ್ತೆ. ನಿಮ್ಮ ಲಿಫ್ಟಿನವರು ಐದು ಕಂಪನಿ. ಅಷ್ಟನ್ನೇ ನೋಡಬೇಡಿ. ಲಿಫ್ಟ್ ಇಲ್ಲದೆ ಯಾರ ಕೆಲಸ ನಿಲ್ಲುತ್ತೋ ಅವರನ್ನ ನೋಡಿ."

ನಾಲ್ಕು ಗಂಟೆ ಎಲ್ಲಿಂದ ತರಲಿ ಎಂದೆ. ಸರ್ವಿಸ್ ವಿಭಾಗ ಪೂರ್ತಿ ನನ್ನ ಮೇಲಿದೆ: ಆರುನೂರ ನಲವತ್ತು ಲಿಫ್ಟು, ನಲವತ್ತೊಂದು ಮೆಕ್ಯಾನಿಕ್ಕುಗಳು, ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ.

"ಕೆಳಗಿನವರು ಯಾಕಿದ್ದಾರೆ? ಅವರ ಕೈಗೆ ಕೊಡಿ" ಎಂದಳು. ಬಾಯಿಗೆ ಬಿಸ್ಕತ್ತು ಹಾಕಿಕೊಂಡೇ ಹೇಳಿದಳು. ಅವಳಿಗೆ ಎಲ್ಲವೂ ಸುಲಭ.

ಮಾರ್ಚ್ 18, ಮಂಗಳವಾರ

ಕೊನೆಯ ಸಲ ಬಯೋಡೇಟಾ ಬರೆದಾಗ ನನ್ನ ಕೂದಲು ಪೂರ್ತಿ ಕಪ್ಪಾಗಿತ್ತು. ಇವತ್ತು ಸಂಜೆ ಕೂತು "ಅನುಭವ" ಎಂದು ಬರೆದೆ, ಫೋನು ಬಂತು. ಆರನೇ ಮಹಡಿಯ ಹತ್ತಿರ ಎಂಟು ಜನ ಸಿಕ್ಕಿಕೊಂಡಿದ್ದಾರೆ, ಅದರಲ್ಲೊಬ್ಬ ವಕೀಲ. ವಕೀಲನೇ ಫೋನಿನಲ್ಲಿ ನನ್ನ ಮೇಲೆ ಕೇಸು ಹಾಕುತ್ತೇನೆ ಎಂದು ಕಿರುಚುತ್ತಿದ್ದ. ಮೆಷಿನ್ ರೂಮಿಗೆ ಹುಡುಗರನ್ನು ಕಳಿಸಿ, ಬ್ರೇಕು ಸಡಿಲಿಸಿ, ಕೈಯಿಂದ ಚಕ್ರ ತಿರುಗಿಸಿ ಕೆಳಗಿಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ. "ಅನುಭವ"ದ ಮುಂದೆ ಹಾಳೆ ಬಿಳಿಯಾಗಿಯೇ ಉಳಿಯಿತು.

ಹೀಗಾದರೆ ಆಗುವುದಿಲ್ಲ ಎಂದು ಟಾರ್ಚನ್ನು ಕರೆದೆ. ಟಾರ್ಚು ನನ್ನ ಕೈಕೆಳಗಿನ ಮೇಲ್ವಿಚಾರಕ. ಹದಿನಾಲ್ಕು ವರ್ಷದಿಂದ ಅಂಗಿಯ ಜೇಬಿನಲ್ಲಿ ಟಾರ್ಚು ಇಟ್ಟುಕೊಂಡೇ ಓಡಾಡುವುದರಿಂದ ಆ ಹೆಸರು. ಕತ್ತಲ ಗುಂಡಿಯಲ್ಲಿ ಇಳಿದು ದೋಷ ಹುಡುಕುವುದನ್ನು ನಾನೇ ಕಲಿಸಿದ್ದು. ಈಗ ನನಗಿಂತ ಚೆನ್ನಾಗಿ ಹುಡುಕುತ್ತಾನೆ. ಅವನ ಹೆಂಡತಿ ಬಂದರಿನ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳೂ ಅಲ್ಲೇ. ಶುಕ್ರವಾರ ಸಂಜೆ ರೈಲು ಹತ್ತಿ ಹೋಗುತ್ತಾನೆ, ಸೋಮವಾರ ಬೆಳಿಗ್ಗೆ ಬ್ಯಾಗಿನ ಸಮೇತ ನೇರ ಆಫೀಸಿಗೆ ಬರುತ್ತಾನೆ.

"ಮಂಗಳವಾರ, ಗುರುವಾರ ಸಂಜೆ ನನ್ನ ಫೋನು ನಿನ್ನ ಹತ್ರ ಇರಲಿ. ಮನೇಲಿ ಸ್ವಲ್ಪ ಕೆಲಸ ಇದೆ" ಎಂದೆ.

"ಅದಕ್ಕೇನು ಮೇಡಂ. ಇಲ್ಲಿ ನನ್ ರೂಮಲ್ಲಿ ಯಾರು ಕಾಯ್ತಿರ್ತಾರೆ?" ಎಂದ.

ಏನು ಕೆಲಸ ಎಂದು ಕೇಳಲಿಲ್ಲ. ಒಳ್ಳೆಯವನು.

ಏಪ್ರಿಲ್ 2, ಬುಧವಾರ

ಇವತ್ತಿನದನ್ನು ಇವತ್ತೇ ಬರೆಯುತ್ತೇನೆ.

ಹಗ್ಗದಜ್ಜ ಬಂದಿದ್ದರು. ಐದೂ ಕಂಪನಿಗಳಿಗೆ ಉಕ್ಕಿನ ಹಗ್ಗ ಪೂರೈಸುವವರು. ಎಪ್ಪತ್ತು ದಾಟಿದರೂ ಸುರುಳಿಗಳನ್ನು ತಾವೇ ನಿಂತು ಇಳಿಸುತ್ತಾರೆ. ನನ್ನ ಮೂವತ್ತು ಹೆಸರುಗಳಲ್ಲಿ ಅವರದು ಹನ್ನೊಂದನೆಯದು. ಗೋಡೌನಿನಲ್ಲಿ ಬೇರೆ ಯಾರೂ ಇಲ್ಲದ್ದು ನೋಡಿ, ಬೇರೆ ಕಡೆ ನೋಡುತ್ತಿದ್ದೇನೆ ಅಜ್ಜಾ, ಗುಟ್ಟಾಗಿರಲಿ ಎಂದೆ.

ಅಜ್ಜ ಕನ್ನಡಕ ತೆಗೆದರು. "ಈಗ್ಲಾ? ನಾಲ್ಕು ಸಲ ಬೇಡ ಅಂದವಳು ಈಗ ನೋಡ್ತಿದ್ದೀಯಾ?"

"ನಾನೆಲ್ಲಿ ಬೇಡ ಅಂದೆ?"

ಅಜ್ಜ ಒಂದೊಂದಾಗಿ ಬೆರಳು ಮಡಿಸಿ ಹೇಳಿದರು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಿಂದೆ ಒಬ್ಬರ ಮೆಕ್ಯಾನಿಕ್ಕನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅರ್ಧ ಊರಿನ ಲಿಫ್ಟುಗಳು ನೋಡುವವರಿಲ್ಲದೆ ನಿಂತವು. ಆಮೇಲೆ ಐದೂ ಕಂಪನಿಯವರು ಕೂತು ಮಾತಾಡಿಕೊಂಡರು: ಇನ್ನೊಬ್ಬರ ಮನುಷ್ಯ ಬೇಕಿದ್ದರೆ ಮೊದಲು ಅವನ ಮೇಲಿನವರನ್ನು ಕೇಳಬೇಕು. ಮೇಲಿನವರು ಅವನನ್ನು ಕೇಳಿ ಉತ್ತರ ತಿಳಿಸಬೇಕು. ಕಾಗದವಿಲ್ಲ, ಸಹಿಯಿಲ್ಲ, ಬರೀ ಮಾತು. ಮರ್ಯಾದಸ್ಥರ ಪದ್ಧತಿ ಎಂದು ಹೊಸಬರಿಗೆ ನಾನೇ ಹೆಮ್ಮೆಯಿಂದ ಹೇಳಿಕೊಡುತ್ತಿದ್ದೆ.

ಆ ಪದ್ಧತಿಯಂತೆಯೇ ನಾಲ್ಕು ಸಲ ನನ್ನನ್ನು ಕೇಳಿದ್ದಾರೆ. ಹನ್ನೊಂದು ವರ್ಷದ ಹಿಂದೆ ಒಂದು, ಏಳು ವರ್ಷದ ಹಿಂದೆ ಎರಡು. ಹೋದ ವರ್ಷ ಐದರಲ್ಲಿ ದೊಡ್ಡ ಕಂಪನಿ ಡೈರೆಕ್ಟರ್ ಮಾಡುತ್ತೇವೆ ಎಂದಿತ್ತಂತೆ. ನಾಲ್ಕು ಸಲವೂ ದೊಡ್ಡವರು ಒಂದೇ ಉತ್ತರ ಕೊಟ್ಟಿದ್ದಾರೆ: "ಅವಳು ಬರೋದಿಲ್ಲ. ಮನೆ ಕಡೆ ತೊಂದರೆ ಇದೆ."

ಮನೆ ಕಡೆ ತೊಂದರೆ! ನಮ್ಮತ್ತೆ ಹಾಸಿಗೆ ಹಿಡಿದಿದ್ದಾಗ ಒಂದು ಗಂಟೆ ಮುಂಚೆ ಹೊರಡಲು ಅನುಮತಿ ಬೇಡಿ ಅವರ ಮುಂದೆ ಹೇಳಿಕೊಂಡಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ದೊಡ್ಡವರು ಬಂದು ಮಣ್ಣು ಹಾಕಿ ಹೋದರು. ಹೋದ ವರ್ಷವೂ ಅವರ ಬಾಯಲ್ಲಿ ಅತ್ತೆ ಹಾಸಿಗೆಯ ಮೇಲೇ ಇದ್ದರು.

"ನೀನೇ ಅಂದೆ ಅಂದ್ಕೊಂಡಿದ್ದೆ ಮಗಳೇ" ಎಂದರು ಅಜ್ಜ. ಸುರುಳಿಯ ಮೇಲೆ ಕೂತುಬಿಟ್ಟರು.

ಹಾಲು ಕುಡಿಸಿದ ಕೈಯೇ ವಿಷ ಹಾಕಿತು. ಇಪ್ಪತ್ತನಾಲ್ಕು ವರ್ಷ ಸರ್ ಸರ್ ಎಂದು ಅವರ ಹಿಂದೆ ಓಡಾಡಿದೆನಲ್ಲ, ನನ್ನನ್ನು ನಾನೇ ಹೊಡೆದುಕೊಳ್ಳಬೇಕು.

ಏಪ್ರಿಲ್ 3, ಗುರುವಾರ

ಕಾರಿಡಾರಿನಲ್ಲಿ ಎದುರಾದರು. "ಚೆನ್ನಾಗಿದ್ದೀಯೇನಮ್ಮಾ?" ಎಂದರು. ಚೆನ್ನಾಗಿದ್ದೇನೆ ಸರ್ ಎಂದೆ.

ಏಪ್ರಿಲ್ 24, ಗುರುವಾರ

ಸಿಟ್ಟಿಗೆ ಒಂದು ಗುಣವಿದೆ, ಕೆಲಸ ಮಾಡಿಸುತ್ತದೆ. ನಾದಿನಿ ಹೇಳಿದ ನಾಲ್ಕು ಗಂಟೆಯಲ್ಲಿ ಒಂದು ನಿಮಿಷ ತಪ್ಪಿಸಿಲ್ಲ. ಮಂಗಳವಾರ ಬರೆಯುವುದು, ಗುರುವಾರ ಮಾತಾಡುವುದು. ಒಂದು ಪುಟ ಸಿದ್ಧವಾಗಿದೆ. ಅದರಲ್ಲಿ "ನಿಷ್ಠೆ" ಎಂಬ ಪದವಿತ್ತು, ಅಳಿಸಿದೆ. ಮೂವತ್ತರಲ್ಲಿ ಹತ್ತೊಂಬತ್ತು ಜನರ ಜೊತೆ ಮಾತಾಡಿಯಾಯಿತು. ಆರು ಮಂದಿ ಫೋನೇ ಎತ್ತಲಿಲ್ಲ. ಇಬ್ಬರು ತಮಗೇ ಕೆಲಸ ಕೊಡಿಸು ಎಂದರು. ಹಳೆಯ ಸಹೋದ್ಯೋಗಿಯೊಬ್ಬಳು ಒಂದು ಗಂಟೆ ತನ್ನ ಮಂಡಿನೋವಿನ ಬಗ್ಗೆ ಹೇಳಿದಳು.

ಇಪ್ಪತ್ತಮೂರನೆಯ ಹೆಸರು ಫಲ ಕೊಟ್ಟಿದೆ. ಹನ್ನೊಂದು ಆಸ್ಪತ್ರೆಗಳ ಒಂದು ಸಂಸ್ಥೆ. ಹನ್ನೊಂದರಲ್ಲೂ ಲಿಫ್ಟು, ಜನರೇಟರು, ನೀರಿನ ಪಂಪು ಎಲ್ಲ ನೋಡಿಕೊಳ್ಳಲು ಒಬ್ಬರು ಮುಖ್ಯಸ್ಥರು ಬೇಕು. ಅವರು ಐದರ ಗುಂಪಿನವರಲ್ಲ. ನನ್ನನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಹೊರಡುವ ದಿನ ದೊಡ್ಡವರಿಗೆ ಏನು ಹೇಳಬೇಕು ಎಂದು ಬಸ್ಸಿನಲ್ಲಿ ಯೋಚಿಸುತ್ತೇನೆ. ಮೊದಲು ಎರಡು ಪುಟ ಆಗುವಷ್ಟಿತ್ತು. ಕಡಿಮೆ ಮಾಡುತ್ತಾ ಬಂದು ಒಂದು ಸಾಲಿಗೆ ಬಂದು ನಿಂತಿದೆ: "ನನ್ನನ್ನೇ ಒಂದು ಮಾತು ಕೇಳಬಹುದಿತ್ತು." ಅಷ್ಟೇ ಹೇಳುತ್ತೇನೆ. ಅದನ್ನು ಅವರು ನೆನಪಿಟ್ಟುಕೊಂಡು ಮಲಗಲಿ.

ಮೇ 6, ಮಂಗಳವಾರ

ಆಸ್ಪತ್ರೆಯವರು 21ಕ್ಕೆ ಇಡೀ ದಿನ ಬರಹೇಳಿದ್ದಾರೆ. ಅಷ್ಟರೊಳಗೆ ಅವರ ಹನ್ನೊಂದರಲ್ಲಿ ಮೂರು ಕಟ್ಟಡಗಳನ್ನು ಹೊರಗಿನಿಂದಲಾದರೂ ನೋಡಿ ಬರಬೇಕು. ಟಾರ್ಚಿಗೆ ಶನಿವಾರವೂ ಇರಲು ಹೇಳಿದ್ದೇನೆ. ಎರಡು ವಾರ ಊರಿಗೆ ಹೋಗುವುದು ತಪ್ಪುತ್ತದೆ. ಬೇಜಾರಾಗಬೇಡ, ನಾನಿದ್ದೀನಲ್ಲ, ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದೆ.

ಬಂದರಿನ ಊರಿನ ಕಂಪನಿಯವರು, ಐದರಲ್ಲಿ ಒಬ್ಬರು, ಫೋನ್ ಮಾಡಿದ್ದರು. ಅಲ್ಲಿ ಸರ್ವಿಸ್ ವಿಭಾಗಕ್ಕೆ ಮುಖ್ಯಸ್ಥ ಬೇಕಂತೆ, ಟಾರ್ಚು ಬರುತ್ತಾನಾ ಎಂದರು. ಈಗ ಅವನು ಹೋದರೆ ನನ್ನ ಎಲ್ಲ ಏರ್ಪಾಡೂ ಕೆಡುತ್ತದೆ. ಅವನಿಗೂ ಅದು ಒಳ್ಳೆಯದಲ್ಲ, ನಾನು ಹೊರಟ ಮೇಲೆ ಈ ಕುರ್ಚಿ ಅವನದೇ ತಾನೆ. ಅಲ್ಲಿರುವುದು ಬರೀ ನೂರೈವತ್ತು ಲಿಫ್ಟು. ಅವನು ಬರುವುದಿಲ್ಲ, ಮನೆ ಕಡೆ ತೊಂದರೆ ಇದೆ ಎಂದು ಹೇಳಿ ಇಟ್ಟೆ. ಎರಡು ನಿಮಿಷದ ಮಾತು.

ಬಯೋಡೇಟಾದಲ್ಲಿ ಎರಡನೇ ಪುಟ ಬೇಡವೆಂದಳು ನಾದಿನಿ. ತೆಗೆದೆ. ಬೂದು ಬಣ್ಣದ ಜಾಕೆಟ್ಟು ಇಸ್ತ್ರಿಗೆ ಕೊಡಬೇಕು.

ಮೇ 21, ಬುಧವಾರ

ಚೆನ್ನಾಗಿ ಹೋಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಐದು ಜನರ ಜೊತೆ ಮಾತು. ಹಿರಿಯ ಡಾಕ್ಟರೊಬ್ಬರು, "ನಿಮ್ಮ ಕೈಕೆಳಗಿನವರು ನಿಮ್ಮ ಬಗ್ಗೆ ಏನು ಹೇಳ್ತಾರೆ?" ಎಂದು ಕೇಳಿದರು. ನಂಬುತ್ತಾರೆ ಎಂದೆ. ಇಡೀ ದಿನದಲ್ಲಿ ಯೋಚಿಸದೆ ಕೊಟ್ಟ ಉತ್ತರ ಅದೊಂದೇ.

ಆಫೀಸಿನಿಂದ ಒಂದು ಫೋನೂ ಬರಲಿಲ್ಲ. ಮೂರು ಕಡೆ ಲಿಫ್ಟು ನಿಂತಿತ್ತಂತೆ, ಟಾರ್ಚು ಎಲ್ಲ ಸುಧಾರಿಸಿದ್ದಾನೆ. ಅವನ ಮಗಳ ಶಾಲೆಯ ನಾಟಕ ಇವತ್ತೇ ಇತ್ತು ಎಂದು ಆಮೇಲೆ ಗೊತ್ತಾಯಿತು. ಹೇಳಬಹುದಿತ್ತಲ್ಲ ಮಾರಾಯ ಎಂದು ಬೈದೆ.

ಜೂನ್ 11, ಬುಧವಾರ

ಪತ್ರ ಬಂತು! ಕೆಲಸ ಸಿಕ್ಕಿತು!

ಇವರು ಪತ್ರವನ್ನು ಲೈಬ್ರರಿ ಪುಸ್ತಕದ ಹಾಗೆ ಎರಡೂ ಕಡೆ ತಿರುಗಿಸಿ ನೋಡಿ, "ವಾಪಸ್ ಕೊಡೋ ದಿನಾಂಕ ಇಲ್ಲ, ಇಟ್ಟುಕೋ" ಎಂದರು. ನಾದಿನಿ ಫೋನಿನಲ್ಲಿ ಕೂಗಿದ ಕೂಗಿಗೆ ಅವಳ ಬ್ಯಾಂಕಿನವರು ಗಾಬರಿಯಾಗಿರಬೇಕು. ಹುಡುಕಾಟಕ್ಕೆ ಹಿಡಿದದ್ದು ಮೂರು ತಿಂಗಳ ಮೇಲೆ ಒಂದು ವಾರ. ಹೊಟ್ಟೆ ತುಂಬ ಊಟ ಮಾಡಿದೆ.

ಜೂನ್ 13, ಶುಕ್ರವಾರ

ರಾಜೀನಾಮೆ ಕೊಟ್ಟೆ. ದೊಡ್ಡವರು ಓದಿದರು, ಮಡಚಿದರು, ಮತ್ತೆ ಬಿಚ್ಚಿ ಓದಿದರು. ನಾನು ನಿಂತೇ ಇದ್ದೆ. ಕೂತುಕೋ ಎಂದರೂ ಕೂರಲಿಲ್ಲ.

"ನಾಲ್ಕು ಸಲ ಕೇಳಿದ್ರಂತೆ. ನನ್ನನ್ನೇ ಒಂದು ಮಾತು ಕೇಳಬಹುದಿತ್ತು ಸರ್" ಎಂದೆ. ಬಸ್ಸಿನಲ್ಲಿ ಕಲಿತಷ್ಟೇ.

ಮುಖ ಕಪ್ಪಿಡುತ್ತದೆ, ತಲೆ ತಗ್ಗಿಸುತ್ತಾರೆ ಎಂದೆಲ್ಲ ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟರು. "ಅಲ್ಲಮ್ಮಾ, ನಿನ್ನ ಒಳ್ಳೇದಕ್ಕೇ ಅಂದ್ಕೊಂಡಿದ್ದೆ" ಎಂದರು.

ನನ್ನ ಒಳ್ಳೆಯದಕ್ಕೆ! ಸುಳ್ಳು ಹೇಳಿದ್ದರೆ ಸಹಿಸುತ್ತಿದ್ದೆ. ಆ ಮನುಷ್ಯ ಅದನ್ನು ನಂಬಿಕೊಂಡೇ ಹೇಳಿದರು. ಇಪ್ಪತ್ತನಾಲ್ಕು ವರ್ಷದ ಬದುಕನ್ನು ಜೇಬಿನಲ್ಲಿಟ್ಟುಕೊಂಡು, ಅದು ನಿನಗಾಗಿಯೇ ಇಟ್ಟದ್ದು ಎನ್ನುವವರಿಗೆ ಏನು ಹೇಳುವುದು? ಹೊರಗೆ ಬಂದು ಬಾತ್‌ರೂಮಿನಲ್ಲಿ ಮುಖ ತೊಳೆದೆ. ಇಂಥ ಜನರನ್ನು ದೇವರು ಯಾವ ಮಣ್ಣಿನಿಂದ ಮಾಡುತ್ತಾನೋ.

ಜೂನ್ 20, ಶುಕ್ರವಾರ

ನನ್ನ ಜಾಗಕ್ಕೆ ಟಾರ್ಚನ್ನು ಹಾಕಿ ಎಂದು ಬರೆದುಕೊಟ್ಟಿದ್ದೆ. ಸೂಟು ಇವತ್ತು ಕರೆದು ಹೇಳಿದ: ತನ್ನ ಫ್ರಿಜ್ಜಿನ ಕಂಪನಿಯಿಂದಲೇ ಒಬ್ಬನನ್ನು ತರುತ್ತಾನಂತೆ. ಟಾರ್ಚು ಇದ್ದಲ್ಲೇ ಇರುತ್ತಾನೆ. "ಅವರು ಎಲ್ಲೂ ಹೋಗಲ್ಲ ಬಿಡಿ" ಎಂದ.

ಜಗಳವಾಡಿದೆ, ಟೇಬಲ್ ಗುದ್ದಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಟಾರ್ಚಿಗೆ ನಾನೇ ತಿಳಿಸಬೇಕಾಯಿತು. ಅವನು ಗೋಡೆಗೆ ತಗುಲಿಹಾಕಿದ ಲಿಫ್ಟುಗಳ ಪಟ್ಟಿ ನೋಡುತ್ತಾ, "ಹೋಗ್ಲಿ ಬಿಡಿ ಮೇಡಂ. ನೀವೇ ಇರಲ್ಲ ಅಂದ್ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವನಿಗಾಗಿ ಹೊಟ್ಟೆ ಉರಿಯಿತು. ಈ ಕಂಪನಿಗೆ ಒಳ್ಳೆಯವರು ಯಾರೂ ಬೇಡ.

ರೈಲಿಗೆ ಹೊತ್ತಾಯಿತು ಎಂದು ಬ್ಯಾಗು ಎತ್ತಿಕೊಂಡು ಹೋದ.

ಜೂನ್ 27, ಶುಕ್ರವಾರ

ಬೆಳಿಗ್ಗೆ ಹಗ್ಗದಜ್ಜ ಬಂದಿದ್ದರು. ನಾನು ಆಸ್ಪತ್ರೆಯವರ ಜೊತೆ ಫೋನಿನಲ್ಲಿದ್ದೆ, ಸರಕು ಇಳಿಸಿಕೊಳ್ಳಲು ಟಾರ್ಚು ಹೋದ.

ಮಧ್ಯಾಹ್ನ ಕೊನೆಯ ಮೆಷಿನ್ ರೂಮಿನ ಕೀಲಿಗಳನ್ನು ಒಪ್ಪಿಸಬೇಕಿತ್ತು. ನ್ಯಾಯಾಲಯದ ಕಟ್ಟಡದ ತಾರಸಿಯ ಮೇಲಿನ ಕೋಣೆ. ನಾವಿಬ್ಬರೇ. ನಾನು ಕೀಲಿಯ ನಂಬರು ಓದುವುದು, ಅವನು ಟಾರ್ಚು ಹಿಡಿದು ಬೀಗ ನೋಡುವುದು, ಪಟ್ಟಿಯಲ್ಲಿ ಗುರುತು ಹಾಕುವುದು. ಹದಿನೇಳನೆಯ ಕೀಲಿಯವರೆಗೆ ಹೀಗೇ ನಡೆಯಿತು. ಹದಿನೆಂಟಕ್ಕೆ ಕೈ ಚಾಚಲಿಲ್ಲ.

"ಮೇಡಂ, ಮೇ ತಿಂಗಳಲ್ಲಿ ಬಂದರಿನವರು ನನ್ನನ್ನ ಕೇಳಿದ್ರಂತೆ."

ನಾನು ಕೀಲಿ ಹಿಡಿದೇ ನಿಂತೆ.

"ನಾನು ಬೇಡ ಅಂದೆ ಅಂತ ಅಜ್ಜ ತಿಳ್ಕೊಂಡಿದ್ರು. ಹೆಂಡತಿ ಮಗಳು ಅಲ್ಲೇ ಇಟ್ಕೊಂಡು ಯಾಕೋ ಬೇಡ ಅಂದೆ ಅಂತ ಬೈದ್ರು. ಮನೆ ಕಡೆ ತೊಂದರೆ ಅಂದ್ರಂತೆ." ಪಟ್ಟಿ ಪಕ್ಕಕ್ಕಿಟ್ಟ. "ನನ್ನ ಮನೆ ಅಲ್ಲಿದೆ ಮೇಡಂ. ಬೇರೆ ತೊಂದರೆ ಏನಿತ್ತು?"

ಕೆಳಗಿನ ಮಹಡಿಯಿಂದ ಯಾರೋ ಬಟನ್ ಒತ್ತಿದರು. ಮೋಟರು ತಿರುಗಿತು. ಆ ಸದ್ದು ನಿಲ್ಲುವವರೆಗೂ ಅವನು ಕಾದ.

"ನನ್ನನ್ನೇ ಒಂದ್ ಮಾತು ಕೇಳಬಹುದಿತ್ತಲ್ಲ ಮೇಡಂ."

ದನಿ ಎತ್ತಲಿಲ್ಲ. ಎತ್ತಿದ್ದರೆ ನಾನೂ ಎತ್ತುತ್ತಿದ್ದೆ. ಇಲ್ಲ ಕಣೋ, ಸೂಟು ಹೀಗೆ ಮಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ, ಈ ಕುರ್ಚಿ ನಿನಗೇ ಸಿಗುತ್ತದೆ ಎಂದುಕೊಂಡಿದ್ದೆ, ಹೀಗೆ ಎಷ್ಟೋ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ನಿನ್ನ ಒಳ್ಳೇದಕ್ಕೇ ಅಂದ್ಕೊಂಡಿದ್ದೆ" ಎಂದೆ.

ಅವನು ನನ್ನ ಮುಖ ನೋಡಿದ. ಟಾರ್ಚು ಆರಿಸಿ ಜೇಬಿಗಿಟ್ಟ. ಹದಿನೆಂಟನೆಯ ಕೀಲಿ ತೆಗೆದುಕೊಂಡ, ಹತ್ತೊಂಬತ್ತು, ಇಪ್ಪತ್ತು, ಉಳಿದ ಎಲ್ಲವನ್ನೂ. ಪಟ್ಟಿಯ ಕೆಳಗೆ ಸಹಿ ಹಾಕಿದ. "ರೈಲಿದೆ" ಎಂದ. ಮೇಡಂ ಎನ್ನಲಿಲ್ಲ. ಕೆಳಗಿಳಿಯಲು ಲಿಫ್ಟಿಗೂ ಕಾಯಲಿಲ್ಲ, ಒಂಬತ್ತು ಮಹಡಿ ಮೆಟ್ಟಿಲಿಳಿದು ಹೋದ ಸದ್ದು ಕೇಳಿಸುತ್ತಿತ್ತು.

ಜೂನ್ 30, ಸೋಮವಾರ

ಇವತ್ತು ಕೊನೆಯ ದಿನ. ಟಾರ್ಚು ರಜೆ ಹಾಕಿದ್ದಾನೆ. ದೊಡ್ಡವರು ಹೂವಿನ ಗುಚ್ಛ ಕೊಟ್ಟರು, ಫೋಟೋ ತೆಗೆದರು. ಅವರ ಪಕ್ಕದಲ್ಲಿ ನಿಂತೆ. ಅವರ ಭುಜ, ನನ್ನ ಭುಜ ಒಂದೇ ಎತ್ತರದಲ್ಲಿದ್ದವು.

ಟೇಬಲ್ ಖಾಲಿ ಮಾಡುವ ಮೊದಲು, ಮನೆಯಿಂದ ತಂದಿದ್ದ ಈ ಪುಸ್ತಕ ಬ್ಯಾಗಿನಿಂದ ತೆಗೆದು ಮೇ 6ರ ಪುಟ ಓದಿದೆ. ಜಾಕೆಟ್ಟು ಇಸ್ತ್ರಿಗೆ ಕೊಡಬೇಕು ಎಂದೂ ಬರೆದಿದ್ದೇನೆ.

ಬಂದರಿನ ಕಂಪನಿಗೆ ಫೋನ್ ಮಾಡಿದೆ. ಆ ಜಾಗ ಆವಾಗಲೇ ತುಂಬಿತು ಎಂದರು. ತಪ್ಪು ನನ್ನದು, ಅವನನ್ನು ಕೇಳದೆ ನಾನೇ ಉತ್ತರ ಕೊಟ್ಟೆ ಎಂದೆ. ಆ ಕಡೆಯವರು ಮುಜುಗರದಿಂದ, "ಇರಲಿ ಬಿಡಿ ಮೇಡಂ. ಮುಂದೆ ಏನಾದ್ರೂ ಇದ್ರೆ ಮೊದಲು ನಿಮ್ಮನ್ನೇ ಕೇಳ್ತೀವಿ" ಎಂದರು.

ನನ್ನನ್ನು ಕೇಳಬೇಡಿ ಎಂದೆ. ಯಾರನ್ನೂ ಕೇಳಬೇಡಿ, ಅವನನ್ನೇ ಕೇಳಿ ಎಂದು ಟಾರ್ಚಿನ ನಂಬರು ಒಂದೊಂದೇ ಅಂಕಿ ಬಿಡಿಸಿ ಎರಡು ಸಲ ಹೇಳಿದೆ. ಅವರು ಬರೆದುಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.